ಗೋಧಿಗೆ ಬೂಷ್ಟು ಬಂದರೆ: ಮಾಡಬೇಕಾದ್ದು, ಮಾಡಬಾರದ್ದು

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ನ ಮನೆಗಳು, ಪಿಜಿ ಅಡುಗೆಮನೆಗಳು ಮತ್ತು ಹಿಟ್ಟಿನ ಗಿರಣಿಗಳ ಗಮನಕ್ಕೆ

1995ರಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದು ಕರ್ನಾಟಕ, ಆಂಧ್ರದ ಹಳ್ಳಿಗಳಲ್ಲಿ ಜನ ಹೊಟ್ಟೆನೋವು, ಭೇದಿಯಿಂದ ನರಳಿದರು. 1987ರಲ್ಲಿ ಕಾಶ್ಮೀರದ ಜನರನ್ನು ಹೀಗೇ ಕಾಡಿದ್ದು ಮಳೆಗೆ ಸಿಕ್ಕ ಗೋಧಿ. ಬೆಂಕಿಗೆ ಬೂಷ್ಟು ಸಾಯುತ್ತದೆ; ಅದು ಬಿಟ್ಟ ವಿಷ ಕಾವಲಿಯ ಮೇಲೂ ಕುಕ್ಕರಿನಲ್ಲೂ ಪೂರ್ತಿ ಹೋಗುವುದಿಲ್ಲ.

ಮಾಡಬೇಕಾದ್ದು

1. ಕೊಳ್ಳುವ ಮುನ್ನ ಒಂದು ಹಿಡಿ ಕಾಳು ಮೂಸಿ ನೋಡಿ. ಮುಗ್ಗಲು ವಾಸನೆಯಿದ್ದರೆ ಅಂಗಡಿಯಲ್ಲೇ ಬಿಡಿ.

2. ಜರಡಿ ಹಿಡಿದು, ಮೊರದಲ್ಲಿ ಕೇರಿ. ಸುಕ್ಕಿದ, ಕಪ್ಪಾದ, ಗುಲಾಬಿ ಬಣ್ಣಕ್ಕೆ ತಿರುಗಿದ ಕಾಳು ಆರಿಸಿ ಎಸೆಯಿರಿ. ವಿಷದ ಹೆಚ್ಚಿನ ಪಾಲು ಇಂಥವುಗಳಲ್ಲೇ ಇರುತ್ತದೆ.

3. ಕಾಳಿನ ತುದಿ ಕಪ್ಪು ಪುಡಿಯಾಗಿ ಮೀನಿನ ವಾಸನೆ ಬಂದರೆ ಅದು ಕರ್ನಾಲ್ ಬಂಟ್ ರೋಗ. ಇದು ವಿಷವೆಂದು ಕಂಡುಬಂದಿಲ್ಲ, ಆದರೆ ಹಿಟ್ಟಿನ ಬಣ್ಣ, ರುಚಿ ಕೆಡುತ್ತದೆ. ಕಾನೂನಿನ ಮಿತಿ ತೂಕದಲ್ಲಿ ಶೇ. 3. ಕಾಳು ಆರಿಸಿ, ಎರಡು ಮೂರು ನೀರಿನಲ್ಲಿ ತೊಳೆಯಿರಿ. ಪುಡಿಯೂ ವಾಸನೆಯೂ ಇಳಿಯುತ್ತವೆ.

4. ತೊಳೆದ ಗೋಧಿಯನ್ನು ಅಂದೇ ತಾರಸಿಯ ಬಿಸಿಲಿಗೆ ತೆಳ್ಳಗೆ ಹರವಿ. ಹಲ್ಲಿಗೆ ಹಾಕಿದರೆ ಕಟಕ್ಕೆನ್ನಬೇಕು. ಮೋಡ ಕವಿದ ದಿನ ತೊಳೆಯಲೇಬೇಡಿ.

5. ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ. ಹಿಟ್ಟಿನ ಬಿಸಿ ಆರಿದ ಮೇಲೆ ಡಬ್ಬಿಗೆ ತುಂಬಿ.

ಮಾಡಬಾರದ್ದು

1. ಹಸಿರು, ಬಿಳಿ ಬೂಷ್ಟು ಹಿಡಿದ ಅಥವಾ ಗಂಟು ಕಟ್ಟಿದ ಗೋಧಿಯನ್ನು ತೊಳೆದು, ಹುರಿದು ಉಳಿಸಿಕೊಳ್ಳಬೇಡಿ. ಒಳ್ಳೆಯ ಗೋಧಿಗೆ ಬೆರೆಸಲೂಬೇಡಿ.

2. ಅನುಮಾನವಿದ್ದ ಗೋಧಿಯ ತೌಡನ್ನು ನಾರಿನಂಶಕ್ಕೆಂದು ತಿನ್ನಬೇಡಿ. ಕಾಳಿನ ಹೊರಪದರದಲ್ಲೇ ವಿಷ ಹೆಚ್ಚು.

3. ಮಗುವಿನ ಸರಿಹಿಟ್ಟಿಗೆ ಕಟ್ಟಿದ ಮೊಳಕೆಯಲ್ಲಿ ಬೂಷ್ಟು ಕಂಡರೆ ಮೇಲಿನದನ್ನಷ್ಟೇ ತೆಗೆದು ಬಳಸಬೇಡಿ; ಕಟ್ಟಿದ್ದಷ್ಟನ್ನೂ ಎಸೆಯಿರಿ.

4. ಬೂಷ್ಟು ಹಿಡಿದದ್ದನ್ನು ಬೀದಿಯ ಹಸುವಿಗೆ ಹಾಕಬೇಡಿ, ಕಲಗಚ್ಚಿಗೆ ಸೇರಿಸಬೇಡಿ. ಹಸು ತಿಂದ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗದು.

5. ಮೂಟೆಯನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಡಬೇಡಿ. ಮಣೆಯ ಮೇಲಿಡಿ.

6. ಗಿರಣಿಯವರೇ, ಒದ್ದೆ ಗೋಧಿ, ಮುಗ್ಗಲು ಗೋಧಿ ಬೀಸಿಕೊಡಬೇಡಿ. ಕಲ್ಲಿಗಂಟಿದ ಹಿಟ್ಟು ಮುಂದಿನವರ ಚೀಲಕ್ಕೂ ಹೋಗುತ್ತದೆ.

ಧಾನ್ಯ ಎಸೆಯಲು ನಮಗೆ ಕೈ ಬಾರದು. ಆ ಗೌರವವನ್ನು ಒಣಗಿಸಿ, ಆರಿಸಿ, ಜೋಪಾನ ಮಾಡುವಾಗ ತೋರಿಸಿ. ಬೂಷ್ಟು ಹಿಡಿದ ಮೇಲೆ ಅದು ಆಹಾರವಲ್ಲ; ಹಸಿಕಸಕ್ಕೆ ಹಾಕಿ.