ಟಿವಿಯ ಮೇಲೆ ‘ಲಕ್ಷ್ಮೇಶ್ವರ’ ಎಂದು ಬರೆದು ನೋಡಿ

ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಅಂಗಡಿ ಇರುವುದು ಗದಗ-ಬೆಟಗೇರಿಯಲ್ಲಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದಲೂ ಕರೆ ಬರುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದವು. ಮಕ್ಕಳು ಮೊಬೈಲ್ ಮೇಲೆ ಬಗ್ಗಿ ಪಾಠ ಕೇಳುವುದನ್ನು ನೋಡಲಾಗದೆ ಮನೆಯವರು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿಕೊಡಿ ಎಂದು ಕೇಳತೊಡಗಿದರು. ಶಾಲೆ ತೆರೆದ ಮೇಲೂ ಆ ಕೆಲಸ ನಿಲ್ಲಲಿಲ್ಲ. ವೈರ್ ಚುಚ್ಚಿ ಚಿತ್ರ ಬರಿಸುವುದು ಯಾರಿಗಾದರೂ ಬರುತ್ತದೆ. ಚಿತ್ರ ಚೊಕ್ಕವಾಗಿ ಬರಿಸುವುದನ್ನು ಮಾತ್ರ ನಾನು ತಡವಾಗಿ ಕಲಿತೆ. ಕಲಿಯುವವರೆಗೆ ಕೆಲವರ ಕಣ್ಣಿಗೆ ತೊಂದರೆ ಕೊಟ್ಟಿದ್ದೇನೆ ಎಂಬ ಬೇಸರ ಇನ್ನೂ ಇದೆ.

1. ಸಿನಿಮಾ ಹಾಕಿ ನೋಡಬೇಡಿ, ಅಕ್ಷರ ಹಾಕಿ ನೋಡಿ

ಮೊದಮೊದಲು ಕೆಲಸ ಮುಗಿಯಿತೆಂದು ತೋರಿಸಲು ಒಂದು ಸಿನಿಮಾ ಹಾಡು ಹಾಕುತ್ತಿದ್ದೆ. ಬಣ್ಣ ಚೆಂದ, ಕುಣಿತ ಚೆಂದ, ಎಲ್ಲರಿಗೂ ಖುಷಿ. ಲಕ್ಷ್ಮೇಶ್ವರದಲ್ಲಿ ಮನೆಯಲ್ಲೇ ಟ್ಯೂಶನ್ ಹೇಳುವ ಅಕ್ಕಾರೊಬ್ಬರು ಕೆಲವು ದಿನ ಬಿಟ್ಟು ಫೋನ್ ಮಾಡಿದರು: “ತಮ್ಮಾ, ಹಾಡು ಚಂದ ಕಾಣ್ತಾವು. ಆದ್ರ ನಾ ಬರದ ಒತ್ತಕ್ಷರ ಹುಡುಗೂರಿಗೆ ತಿಳಿವಲ್ದು. ಹಿಂದ ಕುಂತವ್ರು ಬಾಯಿಗೆ ಬಂದಂಗ ಓದಾಕತ್ತಾರ.”

ಓಡುವ ಚಿತ್ರದಲ್ಲಿ ಮಸುಕು ಮುಚ್ಚಿಹೋಗುತ್ತದೆ, ನಿಂತ ಅಕ್ಷರದಲ್ಲಿ ಮುಚ್ಚುವುದಿಲ್ಲ. ಕನ್ನಡದಲ್ಲಂತೂ ಅಕ್ಷರದ ಕೆಳಗೆ ಒತ್ತು, ಕೆಲವೊಮ್ಮೆ ಆ ಒತ್ತಿನ ಜೊತೆ ಇನ್ನೊಂದು ಒತ್ತು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟೊಂದು ಗೆರೆ. ಅಂದಿನಿಂದ ಯಾವ ಮನೆಗೆ ಹೋದರೂ ನೋಟ್‌ಪ್ಯಾಡ್ ತೆರೆದು ಸಣ್ಣ ಅಳತೆಯಲ್ಲಿ ‘ಲಕ್ಷ್ಮೇಶ್ವರ’ ಎಂದು ಬರೆಯುತ್ತೇನೆ. ಮುಂಡರಗಿ, ಶಿರಹಟ್ಟಿ ಎಂಬ ಹೆಸರುಗಳು ಮಸುಕು ಟಿವಿಯಲ್ಲೂ ಹೇಗೋ ಓದಿಸಿಕೊಳ್ಳುತ್ತವೆ. ಕ್ಷಕಾರದಡಿಯ ಮಕಾರ, ಶಕಾರದಡಿಯ ವಕಾರ ಬಿಡಿಬಿಡಿಯಾಗಿ ಕಂಡರೆ ಮಾತ್ರ ಕೆಲಸ ಮುಗಿದಂತೆ.

2. ಪರದೆಯಲ್ಲಿ ಎಷ್ಟು ಪಿಕ್ಸೆಲ್ ಇವೆಯೋ ಅಷ್ಟನ್ನೇ ಕಳುಹಿಸಿ

ಅಕ್ಕಾರ ಟಿವಿ 32 ಇಂಚಿನದು, ಡಬ್ಬಿಯ ಮೇಲೆ ‘ಎಚ್‌ಡಿ ರೆಡಿ’ ಎಂದಿತ್ತು. ಇಂಥ ಬಹುತೇಕ ಟಿವಿಗಳ ಪರದೆ 1366×768. ನಾನು ಲ್ಯಾಪ್‌ಟಾಪಿನಲ್ಲಿ 1920×1080 ಇಟ್ಟುಬಂದಿದ್ದೆ. ಹೆಚ್ಚು ಕೊಟ್ಟರೆ ಹೆಚ್ಚು ಚೊಕ್ಕ ಎಂದು ನಂಬಿದ್ದೆ. ಟಿವಿ ಅದನ್ನು ಬೇಡ ಎನ್ನುವುದಿಲ್ಲ, ಒಳಗೆಳೆದುಕೊಂಡು 1080 ಸಾಲುಗಳನ್ನು 768ಕ್ಕೆ ಕುಗ್ಗಿಸುತ್ತದೆ. ಹತ್ತು ಸಾಲಿನ ಗೆರೆಗಳು ಏಳು ಸಾಲಿನಲ್ಲಿ ಕೂರಬೇಕಾದಾಗ ಮೊದಲು ಕಲಸಿಹೋಗುವುದು ಒತ್ತುಗಳೇ.

ಸರಿಯಾದ ಅಳತೆ ಕೊಡೋಣವೆಂದರೆ ಇಂಥ ಅನೇಕ ಟಿವಿಗಳು ಎಚ್‌ಡಿಎಂಐ ಮೂಲಕ 1280×720 ಮತ್ತು 1920×1080 ಎರಡನ್ನೇ ಪಟ್ಟಿಯಲ್ಲಿ ತೋರಿಸುತ್ತವೆ. ತನ್ನದೇ ಪರದೆಯ ಅಳತೆ ಅಲ್ಲಿರುವುದಿಲ್ಲ! ಅಕ್ಕಾರ ಟಿವಿಯ ಹಿಂದೆ ಹದಿನೈದು ಪಿನ್ನಿನ ಹಳೆಯ ವಿಜಿಎ ಕಿಂಡಿ ಇತ್ತು, ಲ್ಯಾಪ್‌ಟಾಪಿನಲ್ಲೂ ಇತ್ತು. ಅದರಲ್ಲಿ ಜೋಡಿಸಿದಾಗ 1360×768 ಸಿಕ್ಕಿತು. ಟಿವಿ ಮೆನುವಿನಲ್ಲಿ ‘ಆಟೋ ಅಡ್ಜಸ್ಟ್’ ಒತ್ತಿದ ಮೇಲೆ ಒತ್ತುಗಳು ಬಿಡಿಸಿಕೊಂಡವು. 1987ರಲ್ಲಿ ಬಂದ ವಿಜಿಎಯನ್ನು ಹಳೆಯದೆಂದು ನಾನು ಕಣ್ಣೆತ್ತಿಯೂ ನೋಡಿರಲಿಲ್ಲ. ವಿಜಿಎ ಇಲ್ಲದ ಕಡೆ ಎರಡು ಅಳತೆಗಳಲ್ಲೂ ಬರೆದು ನೋಡಿ, ಚೆನ್ನಾಗಿ ಕಂಡದ್ದನ್ನು ಉಳಿಸಿ, ವಿಂಡೋಸ್ ಸ್ಕೇಲಿಂಗನ್ನು 125 ಅಥವಾ 150ಕ್ಕೆ ಏರಿಸುತ್ತೇನೆ. ಅಕ್ಷರ ದೊಡ್ಡದಾದಷ್ಟೂ ಕಲಸುವುದು ಕಡಿಮೆ.

ಲ್ಯಾಪ್‌ಟಾಪ್ ಪರದೆ, ಟಿವಿ ಎರಡರಲ್ಲೂ ಒಂದೇ ಚಿತ್ರ ತೋರಿಸುವ ‘ಡೂಪ್ಲಿಕೇಟ್’ನಲ್ಲಿ ಅಳತೆಯೂ ಒಂದೇ ಆಗಿಬಿಡುತ್ತದೆ. ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸಿಕೊಂಡರೆ ಟಿವಿಗೆ ತನ್ನ ಅಳತೆ ಸಿಗುತ್ತದೆ.

3. ಅಂಚು ಕತ್ತರಿಸಿದ್ದರೆ ಒಳಗಿನದೂ ಕೆಟ್ಟಿದೆ ಎಂದೇ ತಿಳಿಯಿರಿ

ಬೆಟಗೇರಿಯ ನೇಕಾರರ ಮನೆಯೊಂದರಲ್ಲಿ ಮಗ ಕಂಪ್ಯೂಟರಿನಲ್ಲಿ ಸೀರೆಯ ಡಿಸೈನ್ ಬಿಡಿಸುತ್ತಾನೆ. ಅಪ್ಪ ಅದನ್ನು ದೊಡ್ಡದಾಗಿ ನೋಡಬೇಕೆಂದರು. ಟಿವಿಗೆ ಹಾಕಿದರೆ ಒಡಲು ಬಂತು, ಅಂಚು ಬರಲಿಲ್ಲ. “ಸೀರಿ ಅಂದ್ರ ದಡೀನ ನೋಡೂದಲ್ಲೇನ್ರೀ?” ಎಂದರು ಹಿರಿಯರು. ನಾನು ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಚಿತ್ರವನ್ನು ಸ್ವಲ್ಪ ಕುಗ್ಗಿಸಿ ಅಂಚು ತೋರಿಸಿದೆ, ಹಣ ತೆಗೆದುಕೊಂಡು ಬಂದೆ. ಅದು ತಪ್ಪು ದಾರಿ.

ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಚಿತ್ರದ ಅಂಚು ಸಮನಾಗಿ ಬರುತ್ತಿರಲಿಲ್ಲ. ಅದಕ್ಕೇ ಟಿವಿಗಳು ಚಿತ್ರವನ್ನು ತುಸು ಹಿಗ್ಗಿಸಿ ಅಂಚನ್ನು ಚೌಕಟ್ಟಿನಾಚೆ ತಳ್ಳುತ್ತಿದ್ದವು. ಟ್ಯೂಬ್ ಹೋಯಿತು, ಅಭ್ಯಾಸ ಉಳಿಯಿತು. ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಟಿವಿ ಹಿಗ್ಗಿಸುವುದನ್ನು ನಾನು ಕಂಪ್ಯೂಟರಿನಲ್ಲಿ ಕುಗ್ಗಿಸಿದರೆ ಚಿತ್ರ ಎರಡು ಸಲ ಕಲಸಿದಂತಾಯಿತು. ಸರಿಯಾದ ಮದ್ದು ಟಿವಿಯಲ್ಲೇ ಇದೆ. ಪಿಕ್ಚರ್ ಸೈಜ್ ಮೆನುವಿನಲ್ಲಿ ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’ ಎಂದಿರುತ್ತದೆ. ಅದನ್ನು ಹಾಕಿದರೆ ಅಂಚೂ ಬರುತ್ತದೆ, ಎಳೆಯೂ ಚುರುಕಾಗುತ್ತದೆ. ಮೊದಲು ಮಾಡಿದ್ದನ್ನು ತೆಗೆಯಲು ಮತ್ತೆ ಅದೇ ಮನೆಗೆ ಹೋದೆ. ಚಹಾ ಕೊಟ್ಟು ಕಳಿಸಿದರು.

4. ಕಪ್ಪು ಅಕ್ಷರ ಸರಿ ಇದ್ದರೆ ಸಾಲದು, ಕೆಂಪನ್ನೂ ನೋಡಿ

ಗದಗ ಮುದ್ರಣಕ್ಕೆ ಹೆಸರಾದ ಊರು. ಡಿಟಿಪಿ ಮಾಡುವ ಸ್ನೇಹಿತರೊಬ್ಬರು ಕರಡು ತಿದ್ದಲು ದೊಡ್ಡ ಟಿವಿ ತಂದರು. ಅಳತೆ ಸರಿ, ಅಂಚು ಸರಿ, ಕಪ್ಪು ಅಕ್ಷರ ಅಚ್ಚಾದಂತೆ ಇತ್ತು. ಕೆಂಪಿನಲ್ಲಿ ಮಾಡಿದ ತಿದ್ದುಪಡಿ ಮಾತ್ರ ಹಬ್ಬಿದಂತೆ ಕಾಣುತ್ತಿತ್ತು. ಕೇಬಲ್ಲಿನ ದೋಷ ಎಂದು ಹೇಳಿ ಚಿನ್ನದ ಲೇಪನದ ದುಬಾರಿ ಕೇಬಲ್ ಕೊಡಿಸಿದೆ. ಏನೂ ಬದಲಾಗಲಿಲ್ಲ. ಬದಲಾಗುವಂತೆಯೂ ಇರಲಿಲ್ಲ. ಎಚ್‌ಡಿಎಂಐ ಡಿಜಿಟಲ್ ಸಿಗ್ನಲ್. ಕೇಬಲ್ ಕೆಟ್ಟರೆ ಚಿತ್ರದಲ್ಲಿ ಚುಕ್ಕಿ ಮಿನುಗುತ್ತವೆ, ಇಲ್ಲವೇ ಪರದೆ ಕಪ್ಪಾಗುತ್ತದೆ. ಅಕ್ಷರ ಮಸುಕಾಗುವುದು ಅದರಿಂದಲ್ಲ.

ಕಾರಣ ಬೇರೆ. ವಿಡಿಯೊದಲ್ಲಿ ಬೆಳಕಿನ ವಿವರವನ್ನು ಪೂರ್ತಿ ಇಟ್ಟು ಬಣ್ಣದ ವಿವರವನ್ನು ಅಡ್ಡಡ್ಡಲಾಗಿ ಅರ್ಧಕ್ಕೆ ಇಳಿಸುವ ಪದ್ಧತಿ ಇದೆ. ಸಿನಿಮಾದಲ್ಲಿ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಅನೇಕ ಟಿವಿಗಳು ಕಂಪ್ಯೂಟರಿನಿಂದ ಬಂದ ಚಿತ್ರಕ್ಕೂ ಹಾಗೇ ಮಾಡುತ್ತವೆ. ಇನ್‌ಪುಟ್ ಪಟ್ಟಿಯಲ್ಲಿ ಆ ಎಚ್‌ಡಿಎಂಐ ಕಿಂಡಿಯ ಹೆಸರನ್ನು ‘ಪಿಸಿ’ ಎಂದು ಬದಲಿಸಿದರೆ ಎಷ್ಟೋ ಟಿವಿಗಳು ಅದನ್ನು ಬಿಡುತ್ತವೆ. ಕಂಪ್ಯೂಟರಿನ ಕಡೆ ಬಣ್ಣದ ನಮೂನೆ ‘ಆರ್‌ಜಿಬಿ’ ಅಥವಾ ‘4:4:4’ ಇರಬೇಕು. ಹೆಸರು ಬದಲಿಸಿದ ಕೂಡಲೇ ಕೆಂಪು ಒತ್ತುಗಳು ಕೂಡಿಬಂದವು. ಕೇಬಲ್ಲಿನ ಹಣ ಮರಳಿಸಿದೆ.

5. ಶಾರ್ಪ್‌ನೆಸ್ ಇಳಿಸಿ

ಹೆಸರು ನೋಡಿ ಏರಿಸುತ್ತಿದ್ದೆ. ಏರಿಸಿದರೆ ಪ್ರತಿ ಅಕ್ಷರದ ಸುತ್ತ ಬಿಳಿ ಗೆರೆ ಹುಟ್ಟುತ್ತದೆ. ಹಲವು ಟಿವಿಗಳಲ್ಲಿ ಸೊನ್ನೆಯೇ ಸರಿ, ಕೆಲವಲ್ಲಿ ನಡುವೆ ಎಲ್ಲೋ. ಬಿಳಿ ಗೆರೆ ಮಾಯವಾಗುವಲ್ಲಿ ನಿಲ್ಲಿಸಿ. ‘ನಾಯ್ಸ್ ರಿಡಕ್ಷನ್’, ‘ಡೈನಮಿಕ್ ಕಾಂಟ್ರಾಸ್ಟ್’ ಎಲ್ಲವನ್ನೂ ಆಫ್ ಮಾಡಿ.

6. ಉದ್ದದ ಕೇಬಲ್ಲಿಗೆ ದಿಕ್ಕಿರಬಹುದು

ಮುಂಡರಗಿಯ ಸಭಾಭವನವೊಂದರಲ್ಲಿ ಕಂಪ್ಯೂಟರ್ ಹಿಂದೆ, ಟಿವಿ ವೇದಿಕೆಯ ಮೇಲೆ. ತಾಮ್ರದ ಎರಡು ಕೇಬಲ್‌ಗಳನ್ನು ಜಾಯಿಂಟರಿನಿಂದ ಸೇರಿಸಿ ಎಳೆದಿದ್ದೆ. ಕಾರ್ಯಕ್ರಮದ ನಡುವೆ ಪರದೆ ಮೇಲಿಂದ ಮೇಲೆ ಕಪ್ಪಾಯಿತು. ಆಮೇಲೆ ಫೈಬರ್ ಎಚ್‌ಡಿಎಂಐ ತರಿಸಿ ಗೋಡೆಯ ಪೈಪಿನಲ್ಲಿ ತೂರಿಸಿದೆ. ಚಿತ್ರವೇ ಬರಲಿಲ್ಲ. ಅದರ ಒಂದು ತುದಿಯಲ್ಲಿ ‘ಸೋರ್ಸ್’, ಇನ್ನೊಂದರಲ್ಲಿ ‘ಡಿಸ್‌ಪ್ಲೇ’ ಎಂದು ಬರೆದಿತ್ತು. ನಾನು ಓದದೆ ಉಲ್ಟಾ ಎಳೆದಿದ್ದೆ. ಈಗ ಯಾವ ಕೇಬಲ್ಲನ್ನೂ ನೆಲದ ಮೇಲೆ ಹಾಸಿ, ಚಿತ್ರ ಬರಿಸಿ ನೋಡಿದ ಮೇಲೆಯೇ ಪೈಪಿಗೆ ಹಾಕುತ್ತೇನೆ.

7. ಎಲ್ಲಕ್ಕಿಂತ ಮೊದಲು ಅರ್ಥ್ ನೋಡಿ

ಇದನ್ನು ಮೊದಲನೆಯದಾಗಿ ಬರೆಯಬೇಕಿತ್ತು. ಶಿರಹಟ್ಟಿಯ ಮನೆಯೊಂದರಲ್ಲಿ ಟಿವಿ, ಕಂಪ್ಯೂಟರ್ ಎರಡೂ ಚಾಲೂ ಇರುವಾಗಲೇ ಡೆಸ್ಕ್‌ಟಾಪಿನ ಎಚ್‌ಡಿಎಂಐ ಚುಚ್ಚಿದೆ. ಸಣ್ಣ ಕಿಡಿ ಹಾರಿತು, ಟಿವಿಯ ಆ ಕಿಂಡಿ ಸತ್ತುಹೋಯಿತು. ಆ ಮನೆಯ ಸಾಕೆಟ್ಟಿನಲ್ಲಿ ಮೂರನೆಯ ತೂತು ಹೆಸರಿಗಷ್ಟೇ ಇತ್ತು, ಅರ್ಥ್ ತಂತಿ ಇರಲಿಲ್ಲ. ಅರ್ಥ್ ಇಲ್ಲದಿದ್ದರೆ ಡೆಸ್ಕ್‌ಟಾಪಿನ ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಡಬ್ಬಿಯ ಮೈಗೆ ಸುಮಾರು 115 ವೋಲ್ಟ್, ಅಂದರೆ 230ರ ಅರ್ಧ, ಬಂದು ಕೂರುತ್ತದೆ. ಕರೆಂಟ್ ತೀರ ಕಡಿಮೆ. ಕೈಗೆ ಜುಮ್ ಎನ್ನುತ್ತದೆ ಅಷ್ಟೇ. ಟಿವಿಯ ಕಡೆ ಡಿಶ್ಶಿನ ಅಥವಾ ಕೇಬಲ್ಲಿನ ತಂತಿಯ ಹೊರಗವಚ ಇನ್ನೆಲ್ಲೋ ನೆಲ ಮುಟ್ಟಿರುತ್ತದೆ. ಎಚ್‌ಡಿಎಂಐ ಚುಚ್ಚುವ ಕ್ಷಣದಲ್ಲಿ ಆ ವ್ಯತ್ಯಾಸವೆಲ್ಲ ಸೂಕ್ಷ್ಮ ಚಿಪ್ಪಿನ ಮೂಲಕ ಹರಿಯಬಹುದು. ವಿಜಿಎ ಜೋಡಣೆಯಲ್ಲಾದರೆ ಪರದೆಯ ಮೇಲೆ ಅಡ್ಡ ಪಟ್ಟಿಗಳು ನಿಧಾನ ಏರುವುದಕ್ಕೂ ಅನೇಕ ಸಲ ಇದೇ ಮೂಲ.

ಆ ಟಿವಿಯ ಬೋರ್ಡಿನ ಖರ್ಚು ನಾನು ಕೊಟ್ಟೆ. ಈಗ ಮೀಟರ್ ಹಿಡಿದು ಫೇಸ್ ಮತ್ತು ಅರ್ಥ್ ನಡುವೆ ಅಳೆಯದೆ ಕೇಬಲ್ ಮುಟ್ಟುವುದಿಲ್ಲ. 230ರ ಹತ್ತಿರ ಬರದಿದ್ದರೆ ಜೋಡಣೆ ಬೇಡ, ಮೊದಲು ಎಲೆಕ್ಟ್ರಿಶಿಯನ್ ಕರೆಸಿ ಎನ್ನುತ್ತೇನೆ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದ್ದರೆ ನೀರು ಹಾಕಿ ಮತ್ತೆ ಅಳೆಯಬೇಕು. ಎರಡೂ ಯಂತ್ರ ಬಂದ್ ಮಾಡಿ, ಪ್ಲಗ್ ಕಿತ್ತು, ಡಿಶ್ಶಿನ ತಂತಿಯನ್ನೂ ಬಿಚ್ಚಿ, ಎಚ್‌ಡಿಎಂಐ ಹಾಕಿದ ಮೇಲೆ ಉಳಿದದ್ದನ್ನು ಜೋಡಿಸಬೇಕು. ಮಕ್ಕಳು ಕೂರುವ ಮನೆಯಾದರೆ ಈ ಕ್ರಮವನ್ನು ಚೀಟಿಯಲ್ಲಿ ಬರೆದು ಟಿವಿಯ ಹಿಂದೆ ಅಂಟಿಸಿ ಬರುತ್ತೇನೆ.