ಎಂಜಿನ್ನಿಗೊಂದು ಭದ್ರಪೀಠ

ಮೋಟಾರು ಕಾರಿನ ಎಂಜಿನ್ನನ್ನು ಮನೆಯಲ್ಲಿಯೇ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ, ಮರಳಿ ಜೋಡಿಸುವ ಉತ್ಸಾಹಿಗಳು ನಮ್ಮಲ್ಲಿ ಇಲ್ಲದಿಲ್ಲ. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತಾದರೂ, ಹಿರಿಯರಿಂದ ಬಂದ ಕಾರನ್ನು ಅಕ್ಕರೆಯಿಂದ ಕಾಪಾಡಿಕೊಂಡ ಮನೆಗಳು ಇಂದಿಗೂ ಉಂಟು. ಹಳೆಯ ಅಂಬಾಸಿಡರಿನ 1489 ಘನ ಸೆಂಟಿಮೀಟರಿನ ಎಂಜಿನ್ನು ಎರಕದ ಕಬ್ಬಿಣದ್ದು; ಇಬ್ಬರು ಹಿಡಿದು ಮಗುಚುವಂಥ ವಸ್ತುವಲ್ಲ. ಅದನ್ನು ಸೊಂಟದೆತ್ತರಕ್ಕೆ ಹಿಡಿದು, ಬೇಕೆಂದಾಗ ತಿರುಗಿಸಲು ಅವಕಾಶ ಕೊಡುವ ಉಕ್ಕಿನ ಸಾಧನವೇ ಎಂಜಿನ್ ಸ್ಟ್ಯಾಂಡು. ಈ ಪೀಠವು ಉರುಳಿದರೆ ಹಾಳಾಗುವುದು ಯಂತ್ರವೊಂದೇ ಅಲ್ಲ. ಕೆಲಸಮಾಡುವವನ ಕಾಲೂ ಹೋದೀತು. ಆದುದರಿಂದ ಇದನ್ನು ಆರಿಸುವಾಗ ಬೆಲೆಗಿಂತ ಮೊದಲು ಭೌತಶಾಸ್ತ್ರವನ್ನು ವಿಚಾರಿಸುವುದು ಲೇಸು.

ಸ್ಟ್ಯಾಂಡಿನ ರಚನೆ ಸರಳವಾದುದು. ಚಕ್ರಗಳುಳ್ಳ ಅಡಿಗಟ್ಟು, ಅದರ ಮೇಲೆ ನೆಟ್ಟ ಕಂಬ, ಕಂಬದ ತಲೆಗೆ ಅಡ್ಡಲಾಗಿ ಬೆಸೆದ ಕೊಳವೆ, ಕೊಳವೆಯೊಳಗೆ ತಿರುಗುವ ದಂಡ, ದಂಡದ ಮುಂದೊಂದು ಫಲಕ, ಫಲಕದಿಂದ ಚಾಚಿದ ನಾಲ್ಕು ತೋಳುಗಳು. ಎಂಜಿನ್ನಿನ ಹಿಂಬದಿಯಲ್ಲಿ ಗೇರುಪೆಟ್ಟಿಗೆ ಕೂರುವ ಮುಖಕ್ಕೆ ಈ ತೋಳುಗಳನ್ನು ಬೋಲ್ಟುಗಳಿಂದ ಬಿಗಿಯಬೇಕು. ಅದಕ್ಕೆ ಮುನ್ನ ಕ್ಲಚ್ಚನ್ನೂ ಫ್ಲೈವೀಲನ್ನೂ ಕಳಚಿಡುವುದು ಅವಶ್ಯ.

ಮೊದಲನೆಯ ಪ್ರಶ್ನೆ, ಚಕ್ರಗಳು ಮೂರೋ ನಾಲ್ಕೋ ಎಂಬುದು. ಒಲೆಯ ಮೂರು ಗುಂಡುಗಳ ಮೇಲಿಟ್ಟ ಮಡಕೆ ಅಲುಗಾಡುವುದಿಲ್ಲವಷ್ಟೆ. ಮೂರು ಚಕ್ರದ ಪೀಠವೂ ಏರುತಗ್ಗಿನ ನೆಲದಲ್ಲಿ ಕುಂಟುವುದಿಲ್ಲ. ಆದರೆ ಕುಂಟದಿರುವುದು ಬೇರೆ, ಉರುಳದಿರುವುದು ಬೇರೆ. ಚಕ್ರಗಳು ನೆಲವನ್ನು ಮುಟ್ಟುವ ಬಿಂದುಗಳನ್ನು ಗೆರೆಗಳಿಂದ ಕೂಡಿಸಿದರೆ ಒಂದು ಆಕೃತಿಯಾಗುತ್ತದೆ. ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಈ ಆಕೃತಿಯ ಹೊರಕ್ಕೆ ಬಿದ್ದೊಡನೆ ಪೀಠ ಮಗುಚುತ್ತದೆ.

ಲೆಕ್ಕಹಾಕಿ ನೋಡೋಣ. ಅಡಿಗಟ್ಟಿನ ಉದ್ದ 90 ಸೆಂ.ಮೀ., ಹಿಂಬದಿಯ ಅಗಲ 80 ಸೆಂ.ಮೀ., ಗುರುತ್ವಕೇಂದ್ರವು ನೆಲದಿಂದ 80 ಸೆಂ.ಮೀ. ಎತ್ತರದಲ್ಲಿದೆ, ಮುಂದಿನ ಚಕ್ರಕ್ಕಿಂತ 30 ಸೆಂ.ಮೀ. ಹಿಂದಿದೆ ಎಂದಿಟ್ಟುಕೊಳ್ಳಿ. ಪೀಠದ ಸ್ವಂತ ತೂಕವನ್ನು ಸದ್ಯಕ್ಕೆ ಬಿಡೋಣ. ಮುಂದೆ ಒಂದೇ ಚಕ್ರವಿದ್ದರೆ, ಪಕ್ಕದ ಗೆರೆ ಗುರುತ್ವಕೇಂದ್ರದ ನೇರಕ್ಕೆ ಕೇವಲ 12 ಸೆಂ.ಮೀ. ದೂರದಲ್ಲಿರುತ್ತದೆ, ಸುಮಾರು 9 ಡಿಗ್ರಿ ವಾಲಿದರೆ ಸಾಕು, ಎಂಜಿನ್ನು ನೆಲಕ್ಕೆ. ಮುಂದೆಯೂ 80 ಸೆಂ.ಮೀ. ಅಂತರದಲ್ಲಿ ಎರಡು ಚಕ್ರಗಳಿದ್ದರೆ ಆ ದೂರ 40 ಸೆಂ.ಮೀ. ಆಗಿ, ಪೀಠವು ಪಕ್ಕಕ್ಕೆ 26 ಡಿಗ್ರಿಗಳವರೆಗೆ ವಾಲಿದರೂ ತಡೆದೀತು. ಭಾರವೆಲ್ಲ ಮುಂದಿದ್ದು, ತ್ರಿಕೋನವು ಕಿರಿದಾಗುವುದೂ ಮುಂದೆಯೇ ಎಂಬುದು ಇದಕ್ಕೆ ಕಾರಣ. ಮೂರು ಚಕ್ರದ ಪೀಠ ಈಗಾಗಲೇ ಕೈಯಲ್ಲಿದ್ದರೆ, ಅದರ ಮುಂದಿನ ಕಾಲಿಗೆ ದಪ್ಪ ಉಕ್ಕಿನ ಅಡ್ಡಪಟ್ಟಿಯೊಂದನ್ನು ನುರಿತ ವೆಲ್ಡರನಿಂದ ಬೆಸೆಯಿಸಿ, ಅದರ ಎರಡು ತುದಿಗಳಿಗೂ ಚಕ್ರ ಹಾಕಿಸಿಕೊಳ್ಳಬಹುದು.

ಎರಡನೆಯದು ಬೋಲ್ಟುಗಳ ವಿಚಾರ. ಎಂಜಿನ್ನು ಒಂದೇ ತುದಿಯಲ್ಲಿ ಹಿಡಿಯಲ್ಪಟ್ಟು ಗೋಡೆಯ ಗೂಟಕ್ಕೆ ತೂಗುಹಾಕಿದಂತೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದರ ತೂಕ 150 ಕಿ.ಗ್ರಾಂ., ಗುರುತ್ವಕೇಂದ್ರ ಫಲಕದಿಂದ 40 ಸೆಂ.ಮೀ. ಮುಂದೆ ಎಂದು ಭಾವಿಸಿದರೆ, ಫಲಕದ ಮೇಲಿನ ತಿರುಗುಬಲ 60 ಕಿಲೋಗ್ರಾಂ-ಮೀಟರ್. ತೋಳುಗಳು ಎಟುಕಲೆಂದು ಮತ್ತೆ 10 ಸೆಂ.ಮೀ. ಉದ್ದದ ಕೊಳವೆತುಂಡುಗಳನ್ನು ನಡುವೆ ಸೇರಿಸಿದರೆ ಅದು 75ಕ್ಕೆ ಏರುತ್ತದೆ. ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚಲಿಲ್ಲ. ಪೀಠದ ಕಷ್ಟ ಮಾತ್ರ ಕಾಲುಭಾಗ ಹೆಚ್ಚಿತು! ಆದ್ದರಿಂದ ಇಂಥ ತುಂಡುಗಳು ಆದಷ್ಟು ಗಿಡ್ಡವಾಗಿರಲಿ. ಬೋಲ್ಟಿನ ತಲೆಯ ಮೇಲೆ 8.8 ಅಥವಾ ಅದಕ್ಕೂ ಮೇಲಿನ ದರ್ಜೆಯ ಗುರುತಿರಲಿ. ಎರಕದ ಕಬ್ಬಿಣದೊಳಗೆ ಮರೆ ತನ್ನ ವ್ಯಾಸದ ಒಂದೂವರೆಯಷ್ಟಾದರೂ ಇಳಿದಿರಬೇಕು. ಅಂದರೆ 10 ಮಿ.ಮೀ. ಬೋಲ್ಟಿಗೆ 15 ಮಿ.ಮೀ. ರಂಧ್ರದ ತಳಕ್ಕೆ ಬೋಲ್ಟು ತಾಗಿದರೆ ಬಿಗಿಯಾದಂತೆ ತೋರುವುದೇ ಹೊರತು ತೋಳನ್ನು ಅದು ಹಿಡಿದಿರುವುದಿಲ್ಲ. ಇಂಚಿನ ಮರೆಯ ರಂಧ್ರಕ್ಕೆ ಮಿಲಿಮೀಟರಿನ ಬೋಲ್ಟನ್ನು ಬಲವಂತದಿಂದ ತಿರುಗಿಸಕೂಡದೆಂದು ಬೇರೆ ಹೇಳಬೇಕಿಲ್ಲ.

ಮೂರನೆಯದು ತಿರುಗಿಸುವಿಕೆ. ದಂಡದ ಅಕ್ಷವು ಗುರುತ್ವಕೇಂದ್ರದ ಮೂಲಕ ಹಾದುಹೋದರೆ ಎಂಜಿನ್ನು ಬೆರಳಿಗೆ ಬಗ್ಗುವುದು. ಎರಡಕ್ಕೂ 5 ಸೆಂ.ಮೀ. ಅಂತರವಿದ್ದರೆ, ಎಂಜಿನ್ನು ಅಡ್ಡಲಾಗಿ ನಿಂತಾಗ ತಿರುಗುಬಲ 7.5 ಕಿಲೋಗ್ರಾಂ-ಮೀಟರ್, 30 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ 25 ಕಿ.ಗ್ರಾಂ. ಭಾರವನ್ನು ತಡೆಯಬೇಕಾಗುತ್ತದೆ. ಗುರುತ್ವಕೇಂದ್ರವನ್ನು ಅಂದಾಜಿಸಲು ಸುಲಭೋಪಾಯವೊಂದುಂಟು. ಎಂಜಿನ್ನು ಚೈನ್‌ಪುಲ್ಲಿಯಲ್ಲಿ ತೂಗುತ್ತಿರುವಾಗ ಕೊಕ್ಕೆಯ ನೇರಕ್ಕೆ ತೂಕದ ಗುಂಡು ಇಳಿಬಿಟ್ಟು, ಹಿಂಬದಿಯ ಮುಖದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಸರಪಣಿಯನ್ನು ಬೇರೆಡೆ ಸಿಕ್ಕಿಸಿ ಇನ್ನೊಂದು ಗೆರೆ ಎಳೆಯಿರಿ. ಗೆರೆಗಳು ಕೂಡಿದ ಸ್ಥಳವೇ ನಮಗೆ ಬೇಕಾದುದು. ಅಕ್ಷವು ಅಲ್ಲಿಗೆ, ಅಥವಾ ಒಂದು ಬೆರಳಿನಷ್ಟು ಮೇಲಕ್ಕೆ, ಬರುವಂತೆ ತೋಳುಗಳನ್ನು ಸರಿಹೊಂದಿಸಿ. ಅಕ್ಷವು ಕೆಳಗಾದರೆ ಸಮತೋಲನ ಅಸ್ಥಿರವಾಗಿ, ತಡೆಪಿನ್ನು ಕಿತ್ತ ಕ್ಷಣವೇ ಎಂಜಿನ್ನು ತಾನಾಗಿ ಮಗುಚಬಹುದು.

ಬಿಚ್ಚುತ್ತ ಹೋದಂತೆ ಈ ಸಮತೋಲನವೂ ಬದಲಾಗುತ್ತದೆಂಬುದನ್ನು ಮರೆಯಲಾಗದು. ಸಿಲಿಂಡರ್ ಹೆಡ್ಡನ್ನು ತೆಗೆದೊಡನೆ ಗುರುತ್ವಕೇಂದ್ರವು ಕ್ರ್ಯಾಂಕ್‌ಷಾಫ್ಟಿನ ಕಡೆಗೆ ಇಳಿಯುತ್ತದೆ. ಆಗ ಮಗುಚಲು ಹೆಚ್ಚು ಬಲ ಬೇಕು. ಮಗುಚಿದ ಮೇಲೆ ಅದೇ ಕೇಂದ್ರ ಅಕ್ಷದ ಮೇಲಕ್ಕೆ ಬರುವುದರಿಂದ, ಪಿನ್ನು ಸಿಕ್ಕಿಸದೆ ಹಿಡಿಯನ್ನು ಬಿಡುವಂತಿಲ್ಲ.

ಏರಿಸುವ ಕ್ರಮ ಹೀಗೆ: ಫಲಕವನ್ನು ಮೊದಲು ತೂಗುತ್ತಿರುವ ಎಂಜಿನ್ನಿಗೆ ಬಿಗಿದು, ಬಳಿಕ ದಂಡವನ್ನು ಕೊಳವೆಯೊಳಗೆ ತೂರಿಸಿ, ಪಿನ್ನು ಹಾಕಿ, ಚಕ್ರಗಳಿಗೆ ತಡೆಕೊಟ್ಟು, ಕಟ್ಟಕಡೆಗೆ ಸರಪಣಿಯನ್ನು ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಭಾರಹೊತ್ತ ಪೀಠವನ್ನು ಚಪ್ಪಡಿಕಲ್ಲಿನ ಸಂದುಗಳ ಮೇಲೆ ಎಳೆದಾಡಕೂಡದು. ಸಣ್ಣದೊಂದು ಹರಳು ಚಕ್ರವನ್ನು ತಡೆದರೂ ಮೇಲಿನ ಭಾರ ಮುಂದಕ್ಕೆ ಸಾಗಲೆಳಸುತ್ತದೆ. ಕೊಳ್ಳುವಾಗ ಎಂಜಿನ್ನಿನ ತೂಕದ ಎರಡರಷ್ಟು ಹೊರುವ ಪೀಠವನ್ನು ಆರಿಸುವುದು ವಿವೇಕ. ತೂಕ ಎಷ್ಟೆಂಬುದಕ್ಕಿಂತ ಅದು ಎಲ್ಲಿದೆಯೆಂಬುದು ಮುಖ್ಯ. ಇಷ್ಟನ್ನು ಅರಿತವನ ಕೈಯಲ್ಲಿ ಸಾಧಾರಣ ಉಕ್ಕಿನ ಪೀಠವೂ ನಂಬಿಕೆಯ ಜೊತೆಗಾರನಾಗುತ್ತದೆ.