ಮೊದಲು ಕಾಡಿನ ನೀರು ಇಟ್ಟು ನೋಡು

ಮಗಳೇ, ಹಂಗಳದ ಆಚೆ ಮುಸುಕಿನ ಜೋಳಕ್ಕೆ ಹೊಡೆದ ಕಳೆ ಔಷಧಿ ಮಳೆಗೆ ಕೊಚ್ಚಿ ಕೆರೆ ಸೇರುತ್ತದೋ ಏನೋ, ಎಂಜೈಮ್ ಸೆನ್ಸರ್ ಹಿಡಿದು ನೋಡ್ತೀನಿ ಅಂದೆಯಲ್ಲ, ನನಗೆ ಹಿಗ್ಗಾಯಿತು. ಕಾಡಂಚಿನ ಕೆರೆ ಅದು, ಹಗಲು ದನ ಕುಡಿದರೆ ರಾತ್ರಿ ಆನೆ ಕುಡಿಯುತ್ತದೆ.

ನಿನ್ನ ಅಮ್ಮ ಬದನೆಕಾಯಿ ಹೆಚ್ಚಿ ನೀರಿಗೆ ಹಾಕುವುದು ತಡವಾದರೆ ಕಪ್ಪಗಾಗುತ್ತದಲ್ಲ, ಆ ಕೆಲಸ ಮಾಡುವ ಎಂಜೈಮಿನ ಬಳಗದ್ದೇ ನಿನ್ನ ಟೈರೋಸಿನೇಸ್. ಅಣಬೆಯಿಂದ ತೆಗೆದ ಅದನ್ನು ವಿದ್ಯುದ್ವಾರದ ಮೇಲೆ ಕೂರಿಸಿ ಕ್ಯಾಟೆಕಾಲ್ ಎಂಬ ರಾಸಾಯನಿಕ ಉಣಿಸಿದರೆ ಸಣ್ಣಗೆ ಕರೆಂಟು ಹರಿಯುತ್ತದೆ. ಆ ಕಳೆ ಔಷಧಿ, ಅಂದರೆ ಅಟ್ರಾಜಿನ್, ಸೇರಿದರೆ ಎಂಜೈಮಿನ ಕೈ ಕಟ್ಟಿಹೋಗಿ ಕರೆಂಟು ಇಳಿಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು 2000ದ ಹೊತ್ತಿಗೇ ಸೌತೆಕಾಯಿಯ ಎಂಜೈಮಿನಿಂದ ಕೀಟನಾಶಕ ಪತ್ತೆ ಹಚ್ಚಿ ತೋರಿಸಿದ್ದಾರೆ. ದಾರಿ ಹೊಸದಲ್ಲ, ಧೈರ್ಯವಾಗಿ ನಡಿ.

ಆದರೆ ಒಂದು ಮಾತು ಕಿವಿಗೆ ಹಾಕಿಕೋ. ಕರೆಂಟು ಇಳಿದದ್ದನ್ನಷ್ಟೇ ಸೆನ್ಸರ್ ಹೇಳುತ್ತದೆ, ಇಳಿಸಿದವರು ಯಾರು ಅನ್ನುವುದಿಲ್ಲ. ನೀರಿನ ಹುಳಿ, ಕರಗಿದ ಲೋಹ, ಬೇರೆ ಔಷಧಿ, ಎಲ್ಲವೂ ಎಂಜೈಮನ್ನು ಕಾಡುತ್ತವೆ. ನಮ್ಮ ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಿ ಅರ್ಧ ದಿನ ಇಟ್ಟರಂತೂ ಅದು ತಾನಾಗಿಯೇ ಸೋತುಹೋಗುತ್ತದೆ. ಐಸ್ ಡಬ್ಬಿ ಬಿಟ್ಟು ಹೊರಡಬೇಡ.

ಅದಕ್ಕೇ ಅರಣ್ಯ ಇಲಾಖೆಯ ಅನುಮತಿ ಪಡೆದು, ಕಾಡಿನೊಳಗೆ ಹಳ್ಳ ಹೊಲಗಳಿಗೆ ಇಳಿಯುವ ಮುಂಚಿನ ನೀರನ್ನೇ ಒಂದು ಸೀಸೆ ತುಂಬಿಕೋ. ಔಷಧಿ ಸೋಕದ ಅದನ್ನು ಮೊದಲು ನೋಡು. ಆಮೇಲೆ ಅದೇ ನೀರಿಗೆ ಅಳತೆ ಗೊತ್ತಿರುವಷ್ಟು ಅಟ್ರಾಜಿನ್ ಬೆರೆಸಿ ನೋಡು. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ 2012ರ ಭಾರತೀಯ ಮಾನಕ. ಮೈಕ್ರೋಗ್ರಾಂ ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟು ಸಣ್ಣದು ನಿನ್ನ ಸೆನ್ಸರಿಗೆ ಕಾಣುತ್ತದೆಯೇ ಅಂತ ತಿಳಿದುಕೊಂಡೇ ಕೆರೆಗೆ ಇಳಿ. ಅನುಮಾನ ಬಂದ ಸೀಸೆಯನ್ನು ಕ್ರೊಮಟೋಗ್ರಫಿ ಇರುವ ಲ್ಯಾಬಿಗೆ ಕಳಿಸು. ಅಲ್ಲಿಂದ ಉತ್ತರ ಬರುವವರೆಗೆ ಯಾರ ಹೊಲದ ಹೆಸರನ್ನೂ ಎತ್ತಬೇಡ. ಕಳೆ ಕೀಳಲು ಆಳು ಸಿಗದೆ ಔಷಧಿಗೆ ಕೈ ಹಾಕಿದವರು ಈ ರೈತರು. ಒಮ್ಮೆ ಮನಸ್ಸು ಮುರಿದರೆ ಮತ್ತೆ ಹೊಲದ ಬದುವಿಗೂ ಸೇರಿಸುವುದಿಲ್ಲ.

ಔಷಧಿ ಹೊಡೆದ ಮೇಲೆ ಬೀಳುವ ಮೊದಲ ಜೋರು ಮಳೆಯ ಮಾರನೇ ದಿನವೇ ಬಾ. ನಮ್ಮ ಬಾವಿಯಿಂದಲೇ ಶುರು ಮಾಡು. ಎರಡು ವರ್ಷ ನಾನೂ ಹೊಡೆಸಿದ್ದೇನೆ.